ನ್ಯೂಕಾಸಲ್‌ನಿಂದ ಎಡಿನ್‌ಬರೋಗೆ ಕಡಲ ಪಕ್ಕ ಸೈಕಲ್: 3 ದಿನ ಸಾಕಾ?

ಹೊಸಪೆಡಲ್:

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಯಲ್ಲಿ ನಾನು ಮತ್ತು ನನ್ನ ಗೆಳೆಯ ನ್ಯೂಕಾಸಲ್‌ನಿಂದ ಎಡಿನ್‌ಬರೋಗೆ ಸೈಕಲ್‌ನಲ್ಲಿ ಹೋಗಬೇಕು ಅಂತಿದ್ದೇವೆ. 'ಕೋಸ್ಟ್ ಅಂಡ್ ಕ್ಯಾಸಲ್ಸ್' ಅಂತಾರಲ್ಲ, ಆ ದಾರಿ. ಬ್ರಿಟನ್ನಿನ ನ್ಯಾಷನಲ್ ಸೈಕಲ್ ನೆಟ್‌ವರ್ಕ್‌ನಲ್ಲಿ 1ನೇ ನಂಬರು. ಒಟ್ಟು ಹೆಚ್ಚುಕಡಿಮೆ 300 ಕಿ.ಮೀ. ದಿನಕ್ಕೆ 100ರಂತೆ 3 ದಿನಕ್ಕೆ ಮುಗಿಸಬಹುದು ಅನ್ನೋದು ನಮ್ಮ ಲೆಕ್ಕ.

ಇಬ್ಬರೂ ರಜೆ ದಿನ 80-90 ಕಿ.ಮೀ. ಆರಾಮಾಗಿ ಹೊಡೆಯುತ್ತೇವೆ. ಆದರೆ ಬ್ಯಾಗ್ ಕಟ್ಟಿಕೊಂಡು ದಿನಾ ದಿನಾ ಹೋಗಿ ಗೊತ್ತಿಲ್ಲ. ನನ್ನ ಸೈಕಲ್‌ಗೆ 28 ಮಿ.ಮೀ. ಟೈರ್ ಇದೆ, ಅದು ಸಾಕಾ? ಯಾವ ಕಡೆಯಿಂದ ಹೊರಡೋದು ಒಳ್ಳೆಯದು? ದಾರಿಯಲ್ಲಿ ಕೋಟೆಗಳು ತುಂಬಾ ಇವೆ. ಎಲ್ಲದಕ್ಕೂ ಸಮಯ ಸಿಗಲ್ಲ, ಯಾವುದನ್ನು ಬಿಡಬಾರದು ಹೇಳಿ.

ಕಡಲಹಾದಿ:

ಈ ದಾರಿಯಲ್ಲಿ ಎರಡು ಸಲ ಹೋಗಿದ್ದೇನೆ. ಮೊದಲ ಸಲ ನಾನೂ ನಮ್ಮ ಯಜಮಾನರೂ ನಿಮ್ಮ ಹಾಗೇ 3 ದಿನಕ್ಕೆ ಲೆಕ್ಕ ಹಾಕಿದ್ದೆವು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

3 ದಿನದಲ್ಲಿ ಎಡಿನ್‌ಬರೋ ಸೇರಬಹುದು, ಕಾಲಿಗೇನೂ ಕಷ್ಟ ಇಲ್ಲ. ಆದರೆ ಇಲ್ಲಿ ನಿಮ್ಮ ದಿನವನ್ನು ಕಿಲೋಮೀಟರ್ ನಿರ್ಧರಿಸೋದಿಲ್ಲ, ಸಮುದ್ರದ ನೀರು ನಿರ್ಧರಿಸುತ್ತದೆ. ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗೋ ರಸ್ತೆ ದಿನಕ್ಕೆ ಎರಡು ಸಲ ಮುಳುಗುತ್ತದೆ. ಇಳಿತದಲ್ಲಿ ಮಾತ್ರ ದಾಟಬಹುದು. ಆ ಹೊತ್ತು ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ. ನಾರ್ತಂಬರ್‌ಲ್ಯಾಂಡ್ ಕೌಂಟಿ ಕೌನ್ಸಿಲ್ ಮೊದಲೇ ವೇಳಾಪಟ್ಟಿ ಹಾಕಿರುತ್ತದೆ. ರೂಮ್ ಬುಕ್ ಮಾಡೋದಕ್ಕಿಂತ ಮುಂಚೆ ಅದನ್ನು ತೆಗೆದು ನೋಡಿ.

ನಾವು ನೋಡಿರಲಿಲ್ಲ. ಬ್ಯಾಂಬರೋದಲ್ಲಿ ಬೆಳಿಗ್ಗೆ ಚೆನ್ನಾಗಿ ತಿಂಡಿ ತಿಂದು, ಕೋಟೆ ಸುತ್ತಿ, ನಿಧಾನವಾಗಿ ದ್ವೀಪದ ರಸ್ತೆ ಶುರುವಾಗೋ ಬೀಲ್ ಊರಿನ ಹತ್ತಿರ ಬಂದೆವು. ರಸ್ತೆ ನೇರವಾಗಿ ನೀರಿನೊಳಗೆ ಇಳಿದು ಹೋಗಿತ್ತು. ದೂರದಲ್ಲಿ ಕಂಬಗಳ ಮೇಲೆ ಬಿಳಿ ಗೂಡಿನಂಥ ಒಂದು ಮನೆ. ನೀರಲ್ಲಿ ಸಿಕ್ಕಿಕೊಂಡವರು ಹತ್ತಿ ಕೂರೋದಕ್ಕೆ ಕಟ್ಟಿದ್ದು ಅದು. ದಾರಿ ಮತ್ತೆ ತೆರೆಯೋದು ಸಂಜೆಗೆ. ಮಾರನೇ ದಿನ ಎಡಿನ್‌ಬರೋದಿಂದ ರೈಲು ಬುಕ್ ಆಗಿತ್ತು. ಕಾಯೋಕೆ ಆಗದೆ, ದ್ವೀಪದ ಕೋಟೆಯನ್ನು ದಡದಿಂದಲೇ ನೋಡಿ ಮುಂದೆ ಹೋದೆವು. ಆ ದಿನ ನನಗೆ ತುಂಬಾ ಬೇಜಾರಾಗಿತ್ತು. ಮಾರನೇ ವರ್ಷ 6 ದಿನ ಇಟ್ಟುಕೊಂಡು ಮತ್ತೆ ಬಂದೆವು.

ಹಾಗಾಗಿ ಮೊದಲು ದ್ವೀಪದ ದಿನ ಗಟ್ಟಿ ಮಾಡಿ. ಅಲ್ಲಿಂದ ಹಿಂದಕ್ಕೆ ಎಣಿಸಿ ಹೊರಡೋ ದಿನ ಇಡಿ.

ಎರಡನೇ ಸಲ ನಾವು ಮೊದಲ ದಿನ ವಾರ್ಕ್‌ವರ್ತ್‌ವರೆಗೆ ಹೋದೆವು. ಟೈನ್‌ಮೌತ್‌ನಲ್ಲಿ ನದಿ ಸಮುದ್ರ ಸೇರುವ ಕಡೆ ಬಂಡೆ ಮೇಲೆ ಮಠವೂ ಕೋಟೆಯೂ ಒಟ್ಟಿಗೆ ಇವೆ. ಅಲ್ಲಿಂದ ಕಡಲು ಬಲಗಡೆಗೆ ಬಂತು. ಸೇಂಟ್ ಮೇರೀಸ್ ಲೈಟ್‌ಹೌಸ್ 1898ರದ್ದು, 1984ರಲ್ಲಿ ದೀಪ ಆರಿಸಿದರು. ಬ್ಲೈತ್ ಸುತ್ತಮುತ್ತ ನೋಡೋಕೆ ಅಂಥದ್ದೇನಿಲ್ಲ, ಸುಮ್ನೆ ತುಳಿಯಿರಿ. ಡ್ರೂರಿಡ್ಜ್ ಕೊಲ್ಲಿ ಬಂದಾಗ ಮಾತ್ರ ಇಳಿಯಿರಿ. ಉದ್ದಕ್ಕೂ ಮರಳು, ಅದರ ಅಂಚಿನಲ್ಲಿ ದೊಡ್ಡ ದೊಡ್ಡ ಕಾಂಕ್ರೀಟ್ ದಿಮ್ಮಿಗಳು. ಎರಡನೇ ಮಹಾಯುದ್ಧದಲ್ಲಿ ಶತ್ರು ಟ್ಯಾಂಕ್ ತಡೆಯೋಕೆ ಇಟ್ಟವು ಇನ್ನೂ ಹಾಗೇ ಬಿದ್ದಿವೆ.

ಬಿಡಬಾರದ ಕೋಟೆ ಒಂದೇ ಹೇಳಿ ಅಂದರೆ ನಾನು ಡನ್‌ಸ್ಟನ್‌ಬರೋ ಅಂತೀನಿ. ಅದರ ಹತ್ತಿರಕ್ಕೆ ಸೈಕಲ್ ಹೋಗಲ್ಲ. ಕ್ರಾಸ್ಟರ್‌ನಲ್ಲಿ ಬೀಗ ಹಾಕಿ, ಹುಲ್ಲಿನ ಮೇಲೆ 2 ಕಿ.ಮೀ. ನಡೆಯಬೇಕು. ದೂರದಿಂದ ಮುರಿದ ಹಲ್ಲಿನ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಆ ಹೆಬ್ಬಾಗಿಲಿನ ಗಾತ್ರ ನೋಡಿ ಮಾತೇ ಹೊರಡಲ್ಲ. ಲ್ಯಾಂಕಾಸ್ಟರ್‌ನ ಅರ್ಲ್ ಥಾಮಸ್ 1313ರಲ್ಲಿ ಕಟ್ಟಿಸಲು ಶುರು ಮಾಡಿದ. ಎರಡನೇ ಎಡ್ವರ್ಡ್ ರಾಜನ ವಿರುದ್ಧ ತಿರುಗಿಬಿದ್ದು 1322ರಲ್ಲಿ ತಲೆ ಕಳೆದುಕೊಂಡ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಡನ್‌ಸ್ಟನ್‌ಬರೋ, ಬ್ಯಾಂಬರೋ, ಲಿಂಡಿಸ್‌ಫಾರ್ನ್ ಮೂರೂ ಕೋಟೆ ನಿಂತಿರೋದು ಒಂದೇ ಕಪ್ಪು ಬಂಡೆಯ ಮೇಲೆ. ವಿನ್ ಸಿಲ್ ಅಂತ ಅದರ ಹೆಸರು. ಭೂಮಿಯೊಳಗೆ ಕರಗಿದ ಕಲ್ಲು ಪದರಗಳ ಮಧ್ಯೆ ನುಗ್ಗಿ ಗಟ್ಟಿಯಾದದ್ದು. ಸುತ್ತಲಿನ ಮೆತ್ತನೆ ಕಲ್ಲು ಸವೆದು ಹೋಗಿ ಇದು ಎದ್ದು ನಿಂತಿದೆ. ಒಳನಾಡಿನಲ್ಲಿ ಹೇಡ್ರಿಯನ್ ಗೋಡೆ ಕಟ್ಟುವಾಗ ರೋಮನ್ನರೂ ಇದೇ ಬಂಡೆಯ ಸಾಲು ಹಿಡಿದಿದ್ದಾರೆ. ಇದು ಗೊತ್ತಿದ್ದರೆ ಪೆಡಲ್ ತುಳಿಯುತ್ತಾ ಮುಂದಿನ ಕೋಟೆ ಎಲ್ಲಿರಬಹುದು ಅಂತ ಕಣ್ಣು ತಾನಾಗೇ ಹುಡುಕುತ್ತದೆ.

ಬ್ಯಾಂಬರೋದಲ್ಲಿ ಕೋಟೆ ಜೊತೆಗೆ ಗ್ರೇಸ್ ಡಾರ್ಲಿಂಗ್ ಮ್ಯೂಸಿಯಂ ನೋಡಿ. ಲೈಟ್‌ಹೌಸ್ ಕಾಯುವವನ ಮಗಳು. 1838ರಲ್ಲಿ ಬಿರುಗಾಳಿಗೆ ಹಡಗು ಒಡೆದಾಗ, 22 ವರ್ಷದ ಹುಡುಗಿ ಅಪ್ಪನ ಜೊತೆ ದೋಣಿ ಹುಟ್ಟು ಹಾಕಿಕೊಂಡು ಹೋಗಿ ಜನರನ್ನು ಉಳಿಸಿದಳು.

28ರ ಟೈರ್ ಬೇಡ. ಬೀಲ್‌ನಿಂದ ಬೆರಿಕ್‌ವರೆಗೆ ಸುಮಾರು ದೂರ ಹುಲ್ಲಿನ ಕಾಲುದಾರಿ. ಮಳೆ ಬಂದಿದ್ದರೆ ಕೆಸರು. ನಮ್ಮದು 38 ಇತ್ತು, ಅದರಲ್ಲೂ ಎರಡು ಕಡೆ ಇಳಿದು ತಳ್ಳಿದೆವು.

ಗಾಳಿಪಟ_ಎನ್:

ಕಡಲಹಾದಿ ಅವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ತೆಂಕಣದಿಂದ ಬಡಗಣಕ್ಕೇ ಹೋಗಿ. ಅಲ್ಲಿ ಜಾಸ್ತಿ ಬೀಸೋದು ನೈಋತ್ಯದ ಗಾಳಿ, ಬೆನ್ನಿಗೆ ಸಿಗುತ್ತದೆ. ಪೂರ್ವದಿಂದ ತಣ್ಣನೆ ಗಾಳಿ ಬಂದ ದಿನ ಸಮುದ್ರದಿಂದ ಮಂಜು ಒಳಗೆ ನುಗ್ಗುತ್ತದೆ. ಜೂನ್ ಅಂತ ನೋಡಬೇಡಿ, ಜಾಕೆಟ್ಟೂ ಹಿಂದಿನ ದೀಪವೂ ಇರಲಿ.

ರೈಲಿನಲ್ಲಿ ವಾಪಸ್ ಬರೋದಾದರೆ ಸೈಕಲ್‌ಗೂ ಜಾಗ ಮೊದಲೇ ಕಾಯ್ದಿರಿಸಿ. ದೂರದ ರೈಲುಗಳಲ್ಲಿ ಕೆಲವೇ ಸೈಕಲ್‌ಗೆ ಜಾಗ ಇರೋದು.

ಒಂದು ಕಡೆ ಮಾತ್ರ ನನ್ನ ಅಭಿಪ್ರಾಯ ಬೇರೆ ಇರಬಹುದು. 1ನೇ ನಂಬರು ದಾರಿ ಬೆರಿಕ್ ಆದ ಮೇಲೆ ಕಡಲು ಬಿಟ್ಟು ಟ್ವೀಡ್ ನದಿ ಹಿಡಿಯುತ್ತದೆ. ಕಡಲೇ ಬೇಕು ಅನ್ನೋರು ಬೆರಿಕ್‌ನಿಂದ 76ನೇ ನಂಬರು ಹಿಡಿದು ಡನ್‌ಬಾರ್ ಮೇಲೆ ಎಡಿನ್‌ಬರೋಗೆ ಹೋಗಬಹುದು. ನನಗೆ ಅದೇ ಸರಿ ಅನಿಸುತ್ತದೆ.

ಕಡಲಹಾದಿ:

ನಾನು ನದಿ ದಾರಿಗೇ ಓಟು ಹಾಕುತ್ತೇನೆ, ಗಾಳಿಪಟ ಅವರೇ. ಮೂರು ದಿನ ಉಪ್ಪು ಗಾಳಿ ತಿಂದ ಮೇಲೆ ಮರದ ನೆರಳು, ಕೆಲ್ಸೋ, ಮೆಲ್ರೋಸ್‌ಗಳ ಹಾಳು ಮಠಗಳು ಎಷ್ಟು ಹಿತ ಅಂತೀರಿ. ಕೊನೆಗೆ ಮೂರ್‌ಫುಟ್ ಗುಡ್ಡದ ದೊಡ್ಡ ಏರು ಇದೆ, ಅದನ್ನು ಒಪ್ಪುತ್ತೇನೆ.

ಹೊಸಪೆಡಲ್:

ಅಕ್ಕ, ತುಂಬಾ ಥ್ಯಾಂಕ್ಸ್. ವೇಳಾಪಟ್ಟಿ ನೋಡಿದೆ. ನಾವು ಅಂದುಕೊಂಡಿದ್ದ ದಿನ ದಾರಿ ಬೆಳಿಗ್ಗೆ ಬೇಗ ಮುಚ್ಚುತ್ತದೆ! ಗೆಳೆಯನ ಜೊತೆ ಮಾತಾಡಿ 5 ದಿನ ಮಾಡಿದ್ದೇವೆ. ದ್ವೀಪದಲ್ಲೇ ಒಂದು ರಾತ್ರಿ ಉಳಿಯೋದು ಒಳ್ಳೆಯದಾ? ಟೆಂಟ್ ಇದೆ.

ಕಡಲಹಾದಿ:

ಉಳಿಯಿರಿ, ಖಂಡಿತಾ. ಆದರೆ ಟೆಂಟ್ ನಂಬಿಕೊಂಡು ಹೋಗಬೇಡಿ. ಸ್ಕಾಟ್‌ಲೆಂಡ್‌ನಲ್ಲಿ 2003ರ ಭೂ ಕಾಯ್ದೆ ಪ್ರಕಾರ ಬಯಲಲ್ಲಿ ಟೆಂಟ್ ಹಾಕೋ ಹಕ್ಕಿದೆ. ಲಿಂಡಿಸ್‌ಫಾರ್ನ್ ಇರೋದು ಇಂಗ್ಲೆಂಡ್‌ನಲ್ಲಿ, ಇಲ್ಲಿ ಜಾಗದ ಒಡೆಯರ ಒಪ್ಪಿಗೆ ಬೇಕು. ರೂಮ್ ಈಗಲೇ ನೋಡಿ, ಅಲ್ಲಿ ಇರೋದೇ ಕೆಲವು.

ನೀರು ಏರೋ ಮುಂಚೆ ಬಸ್ಸು ಕಾರುಗಳೆಲ್ಲ ಹೊರಟುಹೋಗುತ್ತವೆ. ಆಮೇಲೆ ಮಠದ ಹತ್ತಿರ ಹೋಗಿ. 635ರಲ್ಲಿ ಏಡನ್ ಸನ್ಯಾಸಿ ಮೊದಲ ಮಠ ಕಟ್ಟಿದ್ದು ಈ ದ್ವೀಪದಲ್ಲಿ. 793ರಲ್ಲಿ ವೈಕಿಂಗರು ಬಂದು ಲೂಟಿ ಮಾಡಿದರು. ಈಗ ಕಾಣೋ ಕಮಾನುಗಳು ಅದಕ್ಕಿಂತ ತುಂಬಾ ಈಚಿನವು. ಅಲ್ಲಿನ ಕಲ್ಲು ಕಿತ್ತೇ ಆಚೆ ಕೋಟೆ ಕಟ್ಟಿದ್ದಾರೆ. ನಾವು ಹೋದ ಸಂಜೆ ಗಾಳಿ ನಿಂತಿತ್ತು, ಮರಳ ದಿಬ್ಬದ ಮೇಲಿಂದ ಸೀಲ್‌ಗಳು ಊಳಿಡೋದು ಊರೊಳಗೂ ಕೇಳುತ್ತಿತ್ತು. ಹತ್ತು ಗಂಟೆಯಾದರೂ ಇನ್ನೂ ಬೆಳಕು.

ದಾಟಿ ವಾಪಸ್ ಬಂದ ಕೂಡಲೇ ಚೈನು, ಬ್ರೇಕು ಸಿಹಿನೀರಲ್ಲಿ ತೊಳೆದು ಎಣ್ಣೆ ಬಿಡಿ. ರಸ್ತೆ ಮೇಲೆ ಉಪ್ಪುನೀರಿನ ಹೊಂಡ ಉಳಿದಿರುತ್ತದೆ. ನಾನು ಬೆರಿಕ್ ಸೇರಿದ ಮೇಲೆ ತೊಳೆಯೋಣ ಅಂತ ಬಿಟ್ಟೆ, ಬೆಳಿಗ್ಗೆ ಚೈನೆಲ್ಲಾ ಕೆಂಪಗಾಗಿತ್ತು.