ಕ್ಲೈಂಟ್ ಹೋದ ಮೇಲೂ ಸರ್ವರ್ ಸುಮ್ಮನಾಗುತ್ತಿಲ್ಲ, ಜೊತೆಗೆ ಎರರ್ 98

ಹೊಸಬ_ಪೈಥಾನ್:
ಲಿನಕ್ಸ್ ಮೇಲೆ ಪೈಥಾನ್‌ನಲ್ಲಿ ಚಿಕ್ಕದೊಂದು ಚಾಟ್ ಸರ್ವರ್ ಬರೆಯುತ್ತಿದ್ದೇನೆ. ಪೋರ್ಟ್ 5000ಕ್ಕೆ ಬೈಂಡ್ (ಆ ನಂಬರ್ ಹಿಡಿಯುವುದು), ಆಮೇಲೆ ಲಿಸನ್ (ಕ್ಲೈಂಟ್ ಬರಲಿ ಅಂತ ಕಾಯುವುದು), ಆಕ್ಸೆಪ್ಟ್ (ಬಂದದ್ದನ್ನು ಒಳಗೆ ಬಿಡುವುದು), ಬಂದ ಒಂದೊಂದು ಕ್ಲೈಂಟ್‌ಗೂ ಒಂದೊಂದು ಥ್ರೆಡ್ (ಜೊತೆಜೊತೆಗೇ ಓಡುವ ಕೆಲಸದ ಎಳೆ). ಥ್ರೆಡ್ ಒಳಗೆ ಲೂಪ್ ಹಾಕಿ ರಿಸೀವ್ ಮಾಡಿ, ಬಂದದ್ದನ್ನು ಪ್ರಿಂಟ್ ಮಾಡುತ್ತೇನೆ, ಅಷ್ಟೇ. ಕ್ಲೈಂಟ್ ಇರುವ ತನಕ ಎಲ್ಲ ಸರಿ. ಅದು ಮುಚ್ಚಿದ ತಕ್ಷಣ ಟರ್ಮಿನಲ್ ತುಂಬಾ ಖಾಲಿ ಸಾಲುಗಳು ಸುರಿಯುತ್ತವೆ, ನಿಲ್ಲುವುದೇ ಇಲ್ಲ, ಲ್ಯಾಪ್‌ಟಾಪ್ ಫ್ಯಾನ್ ಕೂಗಲು ಶುರು ಮಾಡುತ್ತದೆ. ಡೇಟಾ ಇನ್ನೂ ಬಂದಿಲ್ಲ ಅಂದುಕೊಂಡು 0.1 ಸೆಕೆಂಡ್ ಸ್ಲೀಪ್ ಹಾಕಿದೆ. ಫ್ಯಾನ್ ಸುಮ್ಮನಾಯಿತು, ಖಾಲಿ ಸಾಲು ಮಾತ್ರ ನಿಧಾನಕ್ಕೆ ಬರುತ್ತಲೇ ಇದೆ.

ಇನ್ನೊಂದು ತಲೆನೋವು. ಸರ್ವರ್ ನಿಲ್ಲಿಸಿ ಮತ್ತೆ ಓಡಿಸಿದರೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’, ಎರರ್ 98. ಪ್ರತಿ ಸಲ ಪೋರ್ಟ್ ನಂಬರ್ ಒಂದೊಂದು ಏರಿಸಿ ಈಗ 5007ಕ್ಕೆ ಬಂದಿದ್ದೇನೆ. ನಗಬೇಡಿ.

ಹಳೇ_ಟರ್ಮಿನಲ್:
ನಗುವುದಿಲ್ಲ, ನಾನು 8080ರಿಂದ 8095ರ ತನಕ ಹೋದವನು.

ಮೊದಲು ಆ ಸ್ಲೀಪ್ ತೆಗೆಯಿರಿ. ಡೇಟಾ ಇಲ್ಲದಿದ್ದರೆ ರಿಸೀವ್ ಕಾಯುತ್ತಾ ಕೂರುತ್ತದೆ (ನೀವು ನಾನ್‌ಬ್ಲಾಕಿಂಗ್ ಮಾಡಿಲ್ಲ ಅಲ್ವಾ, ಅಂದರೆ ಕಾಯದೇ ವಾಪಸ್ ಬರುವ ಹಾಗೆ), ಖಾಲಿ ಕೈಯಲ್ಲಿ ವಾಪಸ್ ಬರುವುದಿಲ್ಲ. ಖಾಲಿ ಬೈಟ್ಸ್ ಬಂತು ಅಂದರೆ ಆ ಕಡೆಯವರು ಫಿನ್ (ನನ್ನ ಕಡೆಯಿಂದ ಕಳಿಸುವುದು ಮುಗಿಯಿತು ಅನ್ನುವ ಟಿಸಿಪಿ ಸೂಚನೆ) ಕಳಿಸಿ ಮಾತು ಮುಗಿಸಿದ್ದಾರೆ, ಇನ್ನು ಎಷ್ಟು ಸಲ ಕೇಳಿದರೂ ಅದೇ ಉತ್ತರ. ಹಾಗೆ ಬಂದರೆ ಬ್ರೇಕ್ ಮಾಡಿ, ಆಮೇಲೆ ಕ್ಲೋಸ್. ಕ್ಲೋಸ್ ಅನ್ನು ಫೈನಲಿ (ಎರರ್ ಬಂದರೂ ಓಡುವ ಭಾಗ) ಒಳಗೇ ಇಡಿ, ಯಾಕೆಂದರೆ ಕೆಲವು ಸಲ ಖಾಲಿ ಬೈಟ್ಸ್ ಬದಲು ‘ಕನೆಕ್ಷನ್ ರೀಸೆಟ್’ ಎಕ್ಸೆಪ್ಶನ್ ಬರುತ್ತದೆ.

ಈಗಿನ ಕೋಡ್ ಓಡುವಾಗಲೇ ಇನ್ನೊಂದು ಟರ್ಮಿನಲ್‌ನಲ್ಲಿ ನೆಟ್‌ಸ್ಟ್ಯಾಟ್ (ಕನೆಕ್ಷನ್‌ಗಳ ಸ್ಥಿತಿ ತೋರಿಸುವ ಕಮಾಂಡ್) ಹಾಕಿ ನೋಡಿ. 5007ರ ಸಾಲಿನಲ್ಲಿ ‘ಕ್ಲೋಸ್ ವೇಟ್’ ಅಂತ ಕಾಣುತ್ತದೆ. ಅವರು ಮುಚ್ಚಿಯಾಗಿದೆ, ನೀವು ಇನ್ನೂ ಮುಚ್ಚಿಲ್ಲ ಅಂತ. ಅದು ತಾನಾಗಿ ಹೋಗುವುದಿಲ್ಲ. ನನ್ನದೊಂದು ಸರ್ವರ್‌ನಲ್ಲಿ ಇವು ಸುಮ್ನೆ ಸೇರುತ್ತಾ ಹೋಗಿ, ಒಂದು ರಾತ್ರಿ ಒಂದು ಪ್ರೋಸೆಸ್ ತೆರೆದಿಡಬಹುದಾದ ಫೈಲ್, ಸಾಕೆಟ್‌ಗಳ 1024ರ ಮಿತಿ ಮುಟ್ಟಿ, ‘ಟೂ ಮೆನಿ ಓಪನ್ ಫೈಲ್ಸ್’ ಅಂತ ಆಕ್ಸೆಪ್ಟೇ ನಿಂತುಹೋಗಿತ್ತು.

98 ಬರುವುದು, ಮುಚ್ಚಿದ ಕನೆಕ್ಷನ್ ಕೆಲಕಾಲ ಹಾಗೇ ಉಳಿಯುವ ಟೈಮ್ ವೇಟ್‌ನಿಂದ. ಬೈಂಡ್‌ಗೆ ಮುಂಚೆ ರೀಯೂಸ್ ಅಡ್ರೆಸ್ ಆಪ್ಷನ್ (ಟೈಮ್ ವೇಟ್ ಇದ್ದರೂ ಅದೇ ಪೋರ್ಟ್ ಹಿಡಿಯಲು ಬಿಡುವುದು) ಹಾಕಿ. ಬೈಂಡ್ ಆದ ಮೇಲೆ ಹಾಕಿ ಪ್ರಯೋಜನ ಇಲ್ಲ.

ಎರಡನೇ_ಥ್ರೆಡ್:
98ರ ಬಗ್ಗೆ ಸ್ವಲ್ಪ ತಕರಾರು ಇದೆ. ಟೈಮ್ ವೇಟ್ ಬೀಳುವುದು ಮೊದಲು ಮುಚ್ಚಿದವರ ಕಡೆಗೆ, ಇಲ್ಲಿ ಕ್ಲೈಂಟೇ ಮೊದಲು ಹೋಗಿದೆ. ಬೇರೆ ಕ್ಲೈಂಟ್ ಇರುವಾಗಲೇ ಸರ್ವರ್ ನಿಲ್ಲಿಸಿದ್ದರೆ ಸರಿ, ಆಗ ಲಿನಕ್ಸ್‌ನಲ್ಲಿ 60 ಸೆಕೆಂಡ್ ಟೈಮ್ ವೇಟ್ ಇರುತ್ತದೆ, ಅದಕ್ಕೆ ರೀಯೂಸ್ ಅಡ್ರೆಸ್ ಸಾಕು. ಆದರೆ ಹಳೇ ಪ್ರೋಸೆಸ್ ಸತ್ತೇ ಇಲ್ಲದಿದ್ದರೆ, ಅದರ ಲಿಸನ್ ಸಾಕೆಟ್ ಇನ್ನೂ ಕೂತಿದ್ದರೆ, ಆ ಆಪ್ಷನ್ ಹಾಕಿದರೂ 98 ಬಂದೇ ಬರುತ್ತದೆ. @ಹೊಸಬ_ಪೈಥಾನ್, ನೀವು ಸರ್ವರ್ ನಿಲ್ಲಿಸುವುದು ಹೇಗೆ? ಕಂಟ್ರೋಲ್ ಸಿ ಹೊಡೆದಾಗ ಮೇನ್ ಥ್ರೆಡ್ ಮಾತ್ರ ನಿಲ್ಲುತ್ತದೆ, ಉಳಿದವು ತಿರುಗುತ್ತಿದ್ದರೆ ಅವು ಮುಗಿಯಲಿ ಅಂತ ಪೈಥಾನ್ ಕಾಯುತ್ತದೆ.

ಹೊಸಬ_ಪೈಥಾನ್:
ಅಯ್ಯೋ. ಸಿ ಒತ್ತಿದರೆ ನಿಲ್ಲುತ್ತಿರಲಿಲ್ಲ, ಅದಕ್ಕೇ ಕಂಟ್ರೋಲ್ ಝಡ್ ಒತ್ತುತ್ತಿದ್ದೆ, ಅದು ಪ್ರೋಗ್ರಾಂ ಕೊಲ್ಲದೆ ಬರೀ ತಡೆದು ಮಲಗಿಸುತ್ತದಂತೆ. ಈಗ ಜಾಬ್ಸ್ ಅಂತ ಹಾಕಿದರೆ 7 ಸರ್ವರ್ ಸಾಲಾಗಿ ಮಲಗಿವೆ. ಎಲ್ಲವನ್ನೂ ಕಿಲ್ ಮಾಡಿ, ಥ್ರೆಡ್‌ಗಳನ್ನು ಡೀಮನ್ (ಮೇನ್ ಮುಗಿದರೆ ತಾವೂ ನಿಲ್ಲುವ ಹಾಗೆ) ಮಾಡಿ, ಖಾಲಿ ಬಂದರೆ ಬ್ರೇಕ್ ಹಾಕಿದೆ. ಪೋರ್ಟ್ 5000 ವಾಪಸ್ ಸಿಕ್ಕಿತು, ಥ್ಯಾಂಕ್ಸ್!

ಇನ್ನೊಂದೇ ಒಂದು ಕೇಳುತ್ತೇನೆ. ಕ್ಲೈಂಟ್‌ನಿಂದ ಎರಡು ಮೆಸೇಜ್ ಬೇಗ ಬೇಗ ಕಳಿಸಿದರೆ ಈ ಕಡೆ ಒಂದಕ್ಕೊಂದು ಅಂಟಿಕೊಂಡು ಬರುತ್ತಿವೆ. ಮಧ್ಯೆ ಸ್ಲೀಪ್ ಹಾಕಲಾ?

ಹಳೇ_ಟರ್ಮಿನಲ್:
ಮತ್ತೆ ಸ್ಲೀಪಾ :) ಬೇಡ. ಟಿಸಿಪಿಗೆ ಮೆಸೇಜ್ ಅಂದರೆ ಏನು ಅಂತಲೇ ಗೊತ್ತಿಲ್ಲ, ಅದಕ್ಕೆ ಎಲ್ಲವೂ ಬೈಟ್‌ಗಳ ಒಂದೇ ಹರಿವು. ಎರಡು ಸಲ ಸೆಂಡ್ ಮಾಡಿದ್ದು ಒಂದೇ ರಿಸೀವ್‌ನಲ್ಲಿ ಬರಬಹುದು, ಒಂದು ಸಲ ಕಳಿಸಿದ್ದು ಮೂರು ತುಂಡಾಗಿಯೂ ಬರಬಹುದು. ಪ್ರತಿ ಮೆಸೇಜ್ ಮುಂದೆ 4 ಬೈಟ್‌ನಲ್ಲಿ ಅದರ ಉದ್ದ ಬರೆದು ಸೆಂಡ್‌ಆಲ್ ಮಾಡಿ. ಈ ಕಡೆ ಮೊದಲು ಆ 4 ಬೈಟ್ ಪೂರ್ತಿ ಬರುವ ತನಕ ಲೂಪ್‌ನಲ್ಲಿ ಓದಿ (ಅದೂ 2 ಬೈಟ್ ಮಾತ್ರ ಬಂದು ನಿಲ್ಲಬಹುದು), ಆಮೇಲೆ ಅಷ್ಟು ಉದ್ದ ಸೇರುವ ತನಕ ಓದಿ. ಡೀಕೋಡ್ (ಬೈಟ್ಸ್ ಅನ್ನು ಅಕ್ಷರ ಮಾಡುವುದು) ಮಾತ್ರ ಎಲ್ಲ ಸೇರಿದ ಮೇಲೆಯೇ ಮಾಡಿ. ಯುಟಿಎಫ್-8ರಲ್ಲಿ ಒಂದು ‘ಕ’ ಅಂದರೆ 3 ಬೈಟ್, ತುಂಡಾಗುವುದು ಸರಿಯಾಗಿ ಅದರ ನಡುವೆ ಆದರೆ ಡೀಕೋಡ್ ಎರರ್ ಬರುತ್ತದೆ. ಇಂಗ್ಲಿಷ್‌ನಲ್ಲೇ (ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್) ಟೆಸ್ಟ್ ಮಾಡುತ್ತಾ ಕೂತರೆ ಆ ಎರರ್ ನಿಮಗೆ ಕಾಣುವುದೇ ಇಲ್ಲ.