ಪಿಜಿ ಕೋಣೆ, 8,000 ರೂಪಾಯಿ, ಖಯಾಲ್ ಹುಚ್ಚು: ಹೆಡ್‌ಫೋನ್ ಎಲ್ಲಿಂದ ಶುರು ಮಾಡಲಿ?

ಶಿರಸಿಯವಳು:

ಎಲ್ಲರಿಗೂ ನಮಸ್ಕಾರ. ಊರು ಶಿರಸಿ, ಈಗ ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಪಿಜಿ. ಶಾಲೆಯಲ್ಲಿದ್ದಾಗ ಕೆಲವು ವರ್ಷ ಹಿಂದೂಸ್ತಾನಿ ಕಲಿತಿದ್ದೆ. ಹಾಡೋದು ನಿಂತಿದೆ, ಕೇಳೋದು ನಿಂತಿಲ್ಲ. ಹೆಚ್ಚಾಗಿ ಖಯಾಲ್, ಸ್ವಲ್ಪ ಭಾವಗೀತೆ, ಆಫೀಸಿನಲ್ಲಿ ಸಿನಿಮಾ ಹಾಡು.

ಹೋದ ವಾರ ಆಫೀಸಿನ ಒಬ್ಬರು ತಮ್ಮ ಸೆನ್‌ಹೈಸರ್ ಎಚ್‌ಡಿ 650 ಕೊಟ್ಟು "ಒಂದು ಸಲ ಕೇಳಿ" ಅಂದರು. ನನಗೆ ಬಾಯಿಪಾಠ ಆಗಿರೋ ಒಂದು ಯಮನ್ ರಾಗದ ರೆಕಾರ್ಡಿಂಗ್ ಹಾಕಿದೆ. ಹಾಡುವವರು ಉಸಿರು ತೆಗೆದುಕೊಳ್ಳೋದು ಕೇಳಿಸಿತು. ಹಿಂದೆ ಎರಡು ತಂಬೂರಿ ಇದೆ ಅಂತ ಗೊತ್ತಾಗಿದ್ದೇ ಅವತ್ತು. ಅವತ್ತಿಂದ ನನ್ನ ಹಳೇ ಇಯರ್‌ಫೋನ್ ಹಾಕಿಕೊಳ್ಳೋಕೆ ಮನಸ್ಸೇ ಬರುತ್ತಿಲ್ಲ.

ನನ್ನ ಹತ್ತಿರ 8,000 ರೂಪಾಯಿ ಇದೆ. ಫೋನಿಗೆ 3.5 ಎಂಎಂ ಜ್ಯಾಕ್ ಇಲ್ಲ, ಆಂಡ್ರಾಯ್ಡ್. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಡ್ಯಾಕ್ (ಡಿಜಿಟಲ್ ಸದ್ದನ್ನು ಅನಲಾಗ್ ಮಾಡೋದು) ಬೇಕು, ಆ್ಯಂಪ್ (ಆ ಸದ್ದಿಗೆ ಬಲ ಕೊಡೋದು) ಬೇಕು, ಹೆಡ್‌ಫೋನಿನ ವಿದ್ಯುತ್ ತಡೆ 300 ಓಮ್ ಇದ್ದರೆ ಫೋನಿನಲ್ಲಿ ನಡೆಯಲ್ಲ, ಬ್ಲೂಟೂತ್ ಮುಟ್ಟಲೇಬಾರದು, ಫ್ಲ್ಯಾಕ್ (ಏನೂ ಕಳೆಯದೆ ಕುಗ್ಗಿಸಿದ ಆಡಿಯೊ ಫೈಲ್) ಇಲ್ಲದಿದ್ದರೆ ಎಲ್ಲ ವೇಸ್ಟ್ ಅಂತೆಲ್ಲ ಹೇಳುತ್ತಾರೆ. ಇದರಲ್ಲಿ ನಿಜ ಎಷ್ಟು? ಕೋಣೆಯಲ್ಲಿ ಇನ್ನೊಬ್ಬಳಿದ್ದಾಳೆ, ಬೇಗ ಮಲಗುತ್ತಾಳೆ. ಫ್ಯಾನ್ ಸದಾ ಓಡುತ್ತಿರುತ್ತೆ.

ಬೋರ್ಡು ಬೆಸುಗೆ:

ಪಿಜಿ ಅಂದಮೇಲೆ ಓಪನ್ ಬ್ಯಾಕ್ (ಹಿಂಬದಿ ತೆರೆದಿರುವ ಹೆಡ್‌ಫೋನ್) ಬೇಡ. ಆಡಿಯೊ-ಟೆಕ್ನಿಕಾ ಎಂ40ಎಕ್ಸ್ ಥರದ ಕ್ಲೋಸ್ಡ್ ಬ್ಯಾಕ್ ನೋಡಿ. 35 ಓಮ್, ಯಾವುದಕ್ಕೆ ಚುಚ್ಚಿದರೂ ಹಾಡುತ್ತೆ. ಬಜೆಟ್ ಸ್ವಲ್ಪ ಮೀರಬಹುದು.

ಡಗ್ಗಾ ಧಾರವಾಡ:

ನಾನು ತಬಲಾ ಕಲಿಸುವವನು. ಶಿಷ್ಯರಿಗೆ ರೆಕಾರ್ಡಿಂಗ್ ಕೇಳಿಸಿ, "ಇಲ್ಲಿ ಎಡಗೈ ಏನು ಮಾಡಿತು?" ಅಂತ ಕೇಳೋದು ನನ್ನ ದಿನದ ಕೆಲಸ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ತುಂಬ ಹತ್ತಿರದ್ದು. ಉದ್ದ ಬರೆಯುತ್ತೇನೆ, ಪುರುಸೊತ್ತಾದಾಗ ಓದಿ.

ಮೊದಲು ಕೋಣೆ ನೋಡಿ, ಹೆಡ್‌ಫೋನ್ ಆಮೇಲೆ. ಎಚ್‌ಡಿ 650 ಹಿಂಬದಿ ತೆರೆದಿರುವ ಹೆಡ್‌ಫೋನ್. ಅದರ ಬಟ್ಟಲಿನ ಹಿಂದೆ ಬರೀ ಜಾಲರಿ. ಅದಕ್ಕೇ ಸದ್ದು ತಲೆಯೊಳಗೆ ಒತ್ತಿದಂತಾಗದೆ ಸ್ವಲ್ಪ ಹೊರಗೆ, ಬಿಡುವಾಗಿ ಕೇಳಿಸುತ್ತದೆ. ಅದೇ ಜಾಲರಿಯಿಂದ ನಿಮ್ಮ ಯಮನ್ ಪಕ್ಕದ ಮಂಚಕ್ಕೂ ಕೇಳುತ್ತದೆ, ಫ್ಯಾನಿನ ಸದ್ದು ನಿಮ್ಮ ಕಿವಿಗೂ ಬರುತ್ತದೆ. ಫ್ಯಾನಿನ ಹೂಂಕಾರ ಇರೋದು ಕೆಳಗಿನ ಸ್ವರಗಳ ಜಾಗದಲ್ಲಿ. ಅದು ಮೊದಲು ಮುಚ್ಚಿಹಾಕೋದು ಡಗ್ಗಾವನ್ನು, ಅಂದರೆ ತಬಲಾ ಜೋಡಿಯಲ್ಲಿ ಎಡಗೈ ನುಡಿಸುವ ವಾದ್ಯವನ್ನು. ಆಗ ವಾಲ್ಯೂಮ್ ಏರಿಸುತ್ತೀರಿ. ಕಿವಿ ಹಾಳಾಗೋದು ಹೀಗೆಯೇ.

ನಿಮ್ಮ ಪರಿಸ್ಥಿತಿಗೆ ಕಿವಿಯೊಳಗೆ ಕೂರುವ ವೈರಿನ ಐಇಎಂ ಸರಿ. ಮೂನ್‌ಡ್ರಾಪ್ ಚು 2, 7ಹರ್ಟ್ಜ್ ಝೀರೊ, ಈ ಥರದವು ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಎರಡಕ್ಕೂ ಕೇಬಲ್ ಬಿಚ್ಚಿ ಬದಲಾಯಿಸಬಹುದು. ಕೇಬಲ್ ಹೋದರೆ ಇಡೀ ಸೆಟ್ ಎಸೆಯಬೇಕಿಲ್ಲ. ಎಂಟು ಸಾವಿರವನ್ನೂ ಒಂದೇ ಸಲ ಸುರಿಯಬೇಡಿ. ನಿಮ್ಮ ಕಿವಿಗೆ ಏನು ಹಿತ ಅನ್ನೋದು ನಿಮಗೇ ಗೊತ್ತಾಗಲಿ.

ಓಮ್ ವಿಚಾರ. 300 ಓಮ್ ಅಂದ ತಕ್ಷಣ ದೊಡ್ಡ ಆ್ಯಂಪ್ ಬೇಕು ಅನ್ನೋದು ಅರ್ಧ ಮಾತು. ಓಮ್ ಜೊತೆ ಸೆನ್ಸಿಟಿವಿಟಿಯನ್ನೂ, ಅಂದರೆ ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು ಅನ್ನೋದನ್ನೂ ನೋಡಬೇಕು. ಎಚ್‌ಡಿ 650ಗೆ ಕಂಪನಿ ಕೊಟ್ಟಿರುವ ಲೆಕ್ಕ 1 ವೋಲ್ಟಿಗೆ 103 ಡೆಸಿಬೆಲ್. ಆ್ಯಪಲ್‌ನ ಪುಟ್ಟ ಯುಎಸ್‌ಬಿ-ಸಿ ಡಾಂಗಲ್ (ಫೋನಿಗೆ ಹೆಡ್‌ಫೋನ್ ಸೇರಿಸುವ ಅಡಾಪ್ಟರ್) ಕೊಡೋದೇ ಹೆಚ್ಚುಕಮ್ಮಿ 1 ವೋಲ್ಟ್. ಇನ್ನು ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. 3 ಡೆಸಿಬೆಲ್ ಏರಿಸಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಅಂದರೆ 300 ಓಮ್‌ನ 650 ಕೂಡ ಅಷ್ಟು ಸಣ್ಣ ಡಾಂಗಲ್‌ನಲ್ಲಿ ಈ ಮಿತಿ ಮೀರಿ ಜೋರಾಗಬಲ್ಲದು, ಐಇಎಂಗೆ ಇನ್ನೂ ಕಡಿಮೆ ಸಾಕು. ಅಂದಮೇಲೆ ಐಇಎಂಗೆ ಪ್ರತ್ಯೇಕ ಆ್ಯಂಪ್ ಯಾಕೆ ಬೇಕು ಹೇಳಿ?

ಡಾಂಗಲ್ ಮಾತ್ರ ನೋಡಿ ತಗೊಳ್ಳಿ. ಆ ಆ್ಯಪಲ್ ಡಾಂಗಲ್ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಸದ್ದು ತುಂಬ ಕಡಿಮೆ ಕೊಡುತ್ತದೆ. ಇನ್ನೊಂದು, ಎಸ್.ಪಿ. ರೋಡಿನಲ್ಲಿ ನೂರಿನ್ನೂರಕ್ಕೆ ಸಿಗುವ ಕೆಲವು ಅಡಾಪ್ಟರುಗಳ ಒಳಗೆ ಡ್ಯಾಕ್ ಇರುವುದೇ ಇಲ್ಲ, ಬರೀ ತಂತಿ. ಫೋನೇ ಯುಎಸ್‌ಬಿ-ಸಿ ತೂತಿನಿಂದ ಅನಲಾಗ್ ಸದ್ದು ಕೊಟ್ಟರೆ ಮಾತ್ರ ಅವು ಹಾಡುತ್ತವೆ. "ಒಳಗೆ ಡ್ಯಾಕ್ ಇದೆಯಾ?" ಅಂತ ಕೇಳಿ, ನಿಮ್ಮ ಫೋನಿಗೇ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.

ಈಗ ಯಾರೂ ಗಟ್ಟಿಯಾಗಿ ಹೇಳದ ವಿಷಯ, ರಬ್ಬರ್ ಟಿಪ್. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಜೊತೆ ಇರುತ್ತವೆ. ಹೊಸಬರು ಮಧ್ಯಮ ಹಾಕಿಕೊಂಡು ಉಳಿದದ್ದನ್ನು ಡಬ್ಬಿಯಲ್ಲೇ ಮರೆಯುತ್ತಾರೆ. ಕಿವಿ ಪೂರ್ತಿ ಮುಚ್ಚದಿದ್ದರೆ ಬೇಸ್ ಸೋರಿಹೋಗುತ್ತದೆ. ಆಮೇಲೆ "ಈ ಐಇಎಂ ತೆಳು, ಕಿರಿಚುತ್ತದೆ" ಅಂತ ದೂರು. ಹೀಗೆ ಮಾಡಿ: ಇನ್ನೊಂದು ಬದಿಯ ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಐಇಎಂ ಒಳಗೆ ಇಟ್ಟು, ಸ್ವಲ್ಪ ತಿರುಗಿಸಿ, ಕಿವಿ ಬಿಡಿ. ನಿಧಾನಗತಿಯ ಒಂದು ವಿಲಂಬಿತ್ ಖಯಾಲ್ ಹಾಕಿ ಡಗ್ಗಾ ಕೇಳಿ. ಬೆರಳಿಂದ ಮೆಲ್ಲಗೆ ಒತ್ತಿದಾಗ ಡಗ್ಗಾ ಏಕದಂ ದಪ್ಪಗಾದರೆ ಟಿಪ್ ಕೂತಿಲ್ಲ, ಅಳತೆ ಬದಲಿಸಿ. ಎಡ ಕಿವಿಗೆ ಒಂದಳತೆ, ಬಲ ಕಿವಿಗೆ ಇನ್ನೊಂದಳತೆ ಬೇಕಾಗೋದು ಸಾಮಾನ್ಯ.

ಡಗ್ಗಾ ಯಾಕೆ ಅಂದರೆ, ಅಂಗೈಯ ಬುಡ ಒತ್ತಿ ಮುಂದೆ ಜಾರಿಸಿದಾಗ ಸ್ವರ ಕೆಳಗಿಂದ ಮೇಲಕ್ಕೆ ಬಾಗುತ್ತದಲ್ಲ, ಆ ಬಾಗು ಪೂರ್ತಿ ಕೇಳಬೇಕು. ಕೆಟ್ಟ ಇಯರ್‌ಫೋನಿನಲ್ಲಿ ಬರೀ "ಧುಂ" ಅಂತ ಒಂದು ಗುದ್ದು ಬಂದು ಹೋಗುತ್ತದೆ, ಬಾಗು ಮಾಯ. ಮೇಲಿನ ಸ್ವರಗಳಿಗೆ ತಂಬೂರಿಯೇ ಪರೀಕ್ಷೆ. ತಂತಿ ಮತ್ತು ಕುದುರೆಯ (ತಂತಿ ಹಾಯುವ ಸೇತುವೆ) ನಡುವೆ ನೂಲು ಸರಿಸಿ ಜವಾರಿ ತೆಗೆದಿರುತ್ತಾರೆ. ಆ ಝೇಂಕಾರ ತುಂಬಿಕೊಂಡು, ಹರಿದುಕೊಂಡು ಬರಬೇಕು. ಮರಳು ಉಜ್ಜಿದ ಹಾಗೆ ಕೇಳಿದರೆ ಆ ಜಾಗದಲ್ಲಿ ಟ್ರೆಬಲ್ ಜಾಸ್ತಿ ಇದೆ ಅಂತ ಅರ್ಥ. ನಿಮಗೆ ಗೊತ್ತಿರುವ ಅದೇ ಯಮನ್ ಪ್ರತಿ ಸಲ ಹಾಕಿ. ಗೊತ್ತಿಲ್ಲದ ಹಾಡಿನಲ್ಲಿ ಯಾವ ಹೆಡ್‌ಫೋನನ್ನೂ ತೂಗಲಿಕ್ಕಾಗುವುದಿಲ್ಲ.

ಎರಡನ್ನು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದೇ ನಮಗೆ "ಚೆನ್ನಾಗಿದೆ" ಅನ್ನಿಸುತ್ತದೆ. ಎಂಥ ಅನುಭವಸ್ಥರ ಕಿವಿಯೂ ಇದರಲ್ಲಿ ಮೋಸಹೋಗುತ್ತದೆ.

ಕಡಲತಡಿ:

ಧಾರವಾಡದವರ ಮಾತಿಗೆ ಸಣ್ಣ ತಕರಾರು. ಖಯಾಲ್ ಕೇಳುವವರಿಗೆ ಓಪನ್ ಬ್ಯಾಕ್ ಕೊಡುವ ಸುಖ ಐಇಎಂ ಕೊಡಲ್ಲ. ಇವರು ಒಮ್ಮೆ 650 ಕೇಳಿಬಿಟ್ಟಿದ್ದಾರೆ, ಎರಡು ಸಾವಿರದ್ದು ತಗೊಂಡು ಬೇಸರ ಆಗಬಹುದು. ಕಾದು, ದುಡ್ಡು ಕೂಡಿಸಿ, ಸೆನ್‌ಹೈಸರ್‌ನದೇ ಇನ್ನೊಂದು ಓಪನ್ ಬ್ಯಾಕ್, ಸೆಕೆಂಡ್ ಹ್ಯಾಂಡ್ ಎಚ್‌ಡಿ 560ಎಸ್ ತಗೊಳ್ಳಿ ಅಂತೀನಿ. ಇಯರ್‌ಪ್ಯಾಡ್ ಹೊಸದು ಹಾಕಿಸಿದರೆ ಆಯ್ತು. ಮತ್ತೆ ಫೈಲ್ ಬಗ್ಗೆ ಯಾರೂ ಹೇಳಲಿಲ್ಲ. ಫ್ಲ್ಯಾಕ್ ಮುಖ್ಯ ಅಲ್ವಾ?

ಡಗ್ಗಾ ಧಾರವಾಡ:

ಸ್ವಂತ ಕೋಣೆ ಇದ್ದರೆ ನಾನೂ ನಿಮ್ಮ ಮಾತನ್ನೇ ಹೇಳುತ್ತಿದ್ದೆ. ಓಪನ್ ಬ್ಯಾಕಿನಲ್ಲಿ ತಂಬೂರಿ ಹರಡಿಕೊಳ್ಳುವ ಬಗೆಯೇ ಬೇರೆ, ಒಪ್ಪಿದೆ. ಆದರೆ ಮಲಗಿದವಳ ಪಕ್ಕ, ಫ್ಯಾನಿನ ಕೆಳಗೆ ಅದರ ಗುಣ ಅರ್ಧಕ್ಕರ್ಧ ಹೋಗಿಬಿಡುತ್ತದೆ. ಇವರು ಉಳಿದ ದುಡ್ಡು ಇಟ್ಟುಕೊಳ್ಳಲಿ, ಮನೆ ಬದಲಾದಾಗ 560ಎಸ್ ತಗೊಳ್ಳಲಿ.

ಫೈಲಿನ ಬಗ್ಗೆ. ಸಿಡಿ ಗುಣಮಟ್ಟ ಅಂದರೆ 16 ಬಿಟ್, 44.1 ಕಿಲೋಹರ್ಟ್ಜ್. ಮನುಷ್ಯನ ಕಿವಿ ಕೇಳುವ 20 ಕಿಲೋಹರ್ಟ್ಜ್‌ವರೆಗೆ ಅದರಲ್ಲಿ ಹಿಡಿಸುತ್ತದೆ. ಕೆಲವು ವಿವರ ಬಿಟ್ಟು ಕುಗ್ಗಿಸಿದ 320 ಕೆಬಿಪಿಎಸ್ ಫೈಲನ್ನು ಅದರಿಂದ ಬೇರೆ ಮಾಡಿ ಗುರುತಿಸೋದು ಬಹಳ ಜನಕ್ಕೆ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಹಾಡು ಕೇಳಿಸುವ ಫೂಬಾರ್2000 ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡು ಅದರ ಎಬಿಎಕ್ಸ್ ಪರೀಕ್ಷೆ ಮಾಡಿ ನೋಡಿ, ಯಾವುದು ಯಾವುದು ಅಂತ ಹೆಸರು ಕಾಣದ ಹಾಗೆ. ನಮ್ಮ ಸಂಗೀತದಲ್ಲಿ ಇನ್ನೂ ದೊಡ್ಡ ವಿಷಯ ಮೂಲ ರೆಕಾರ್ಡಿಂಗೇ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮೋನೊ ಧ್ವನಿಮುದ್ರಣವನ್ನು ಫ್ಲ್ಯಾಕ್ ಮಾಡಿದ ಮಾತ್ರಕ್ಕೆ ಅದು ಸ್ಟೀರಿಯೊ ಆಗಲ್ಲ. ಹೆಡ್‌ಫೋನಿನಲ್ಲಿ ಅವರ ದನಿ ತಲೆಯ ನಟ್ಟನಡುವೆಯೇ ನಿಲ್ಲುತ್ತದೆ. ಅದು ಹೆಡ್‌ಫೋನಿನ ದೋಷ ಅಲ್ಲ.

ಶಿರಸಿಯವಳು:

ತುಂಬ ಥ್ಯಾಂಕ್ಸ್ ಸರ್. ಐಇಎಂ ಅಂತ ತೀರ್ಮಾನ ಮಾಡಿದೆ. ಇನ್ನೆರಡು ಸಂಶಯ. ಒಂದು, ನನಗೆ ಟ್ರೆಬಲ್ ಜಾಸ್ತಿಯಾದರೆ ತಲೆನೋವು ಬರುತ್ತೆ. ಕೊಂಡ ಮೇಲೆ ಹಾಗಾದರೆ ಏನು ಮಾಡಲಿ? ಎರಡು, ಆಫೀಸಿನವರ ಐಇಎಂ ಒಂದು ಹಾಕಿ ನೋಡಿದೆ, ನಡೆಯುವಾಗ ವೈರಿನಿಂದ ಕರಕರ ಸದ್ದು ಬರುತ್ತಿತ್ತು. ಎಲ್ಲದರಲ್ಲೂ ಹಾಗೇನಾ?

ಡಗ್ಗಾ ಧಾರವಾಡ:

ಟ್ರೆಬಲ್‌ಗೆ ಈಕ್ವಲೈಸರ್ ಇದೆ, ಅಂದರೆ ಮೇಲಿನ, ಕೆಳಗಿನ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ. ಅದನ್ನು ಬಳಸೋದು ತಪ್ಪು ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಜನರಿಗೆ ಹೆಸರು ಹೇಳದೆ ಹೆಡ್‌ಫೋನ್ ಕೇಳಿಸಿ, ಹೆಚ್ಚಿನವರಿಗೆ ಯಾವ ಥರದ ಸದ್ದು ಹಿಡಿಸುತ್ತದೆ ಅಂತ ಒಂದು ಗೆರೆ ಎಳೆದರು. ಅದೇ ಹಾರ್ಮನ್ ಟಾರ್ಗೆಟ್. 3 ಕಿಲೋಹರ್ಟ್ಜ್ ಸುತ್ತ ಅದರಲ್ಲಿ ಒಂದು ಏರು ಕಾಣುತ್ತದೆ. ಬರಿಗಿವಿಯಲ್ಲಿ ಕೇಳುವಾಗ ನಮ್ಮ ಕಿವಿಯ ಆಕಾರ, ಕಿವಿಯ ನಾಳ ತಾವೇ ಆ ಜಾಗವನ್ನು ಎತ್ತಿ ಕೊಡುತ್ತವೆ. ಐಇಎಂ ಹೊರಗಿವಿಯನ್ನು ದಾಟಿ ಒಳಗೆ ಕೂರುವುದರಿಂದ ಅದನ್ನು ತಾನೇ ಸೇರಿಸಬೇಕು. ಕೆಲವರಿಗೆ ಆ ಏರು ಜಾಸ್ತಿ ಅನ್ನಿಸುತ್ತದೆ, ನಿಮಗೂ ಅನ್ನಿಸಬಹುದು. ಆಗ ವೇವ್‌ಲೆಟ್ ಅನ್ನೋ ಆ್ಯಪ್ ಹಾಕಿಕೊಳ್ಳಿ, ಬಹಳಷ್ಟು ಮಾಡೆಲ್‌ಗಳ ತಿದ್ದುಪಡಿ ಅದರಲ್ಲೇ ಸಿಗುತ್ತದೆ. ಅದರ ಮೇಲೆ 3ರಿಂದ 8 ಕಿಲೋಹರ್ಟ್ಜ್ ನಡುವೆ ಎರಡು ಡೆಸಿಬೆಲ್ ಇಳಿಸಿ, ಎರಡು ಮೂರು ದಿನ ಅದರಲ್ಲೇ ಕೇಳಿ. ಗಂಟೆಗೊಮ್ಮೆ ಬದಲಿಸುತ್ತಾ ಹೋದರೆ ಏನೂ ತಿಳಿಯುವುದಿಲ್ಲ. ಬೇಕಾದಲ್ಲಿ ಇಳಿಸಿ, ಏರಿಸುವುದು ಕಡಿಮೆ ಇರಲಿ. ಜಾಸ್ತಿ ಏರಿಸಿದರೆ ಸದ್ದು ಒಡೆಯುತ್ತದೆ.

ವೈರಿನ ಕರಕರಕ್ಕೆ ಕೇಬಲನ್ನು ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಹಾಕಿ. ಗದ್ದದ ಕೆಳಗೆ ಬರುವ ಸಣ್ಣ ಗುಂಡಿಯನ್ನು ಮೇಲಕ್ಕೆ ಸರಿಸಿ ಬಿಗಿ ಮಾಡಿ. ಅಲ್ಲಿಂದ ಕೆಳಗಿನ ವೈರನ್ನು ಅಂಗಿಗೆ ಒಂದು ಕ್ಲಿಪ್ಪಿನಲ್ಲಿ ಸಿಕ್ಕಿಸಿದರೆ ಬಹುಪಾಲು ನಿಲ್ಲುತ್ತದೆ. ಕೊಂಡ ಮೇಲೆ ಯಾವ ಅಳತೆಯ ಟಿಪ್ ಕೂತಿತು ಅಂತ ಇಲ್ಲೇ ಬರೆಯಿರಿ. ನನ್ನ ಶಿಷ್ಯೆಯೊಬ್ಬಳಿಗೂ ಸಣ್ಣ ಕಿವಿ, ಅವಳೂ ಹುಡುಕುತ್ತಿದ್ದಾಳೆ.