ಡಬ್‌ಸ್ಟೆಪ್–ಗ್ರೈಮ್ ಲೈವ್ ಸೆಟ್: ಟ್ರ್ಯಾಕ್‌ಗಳು ಬೆರೆಯುವಾಗ ಬೇಸ್ ಕಾಣೆಯಾಗುತ್ತಿದೆ

ಪ್ರಶ್ನೆ:
ಡಿಜೆ ಸೆಟ್‌ನಲ್ಲಿ ಗ್ರೈಮ್ (ರ‍್ಯಾಪ್ ಬೆರೆತ ಎಲೆಕ್ಟ್ರಾನಿಕ್ ಸಂಗೀತ) ಟ್ರ್ಯಾಕ್‌ನಿಂದ ಡಬ್‌ಸ್ಟೆಪ್‌ಗೆ (ಭಾರಿ ಬೇಸ್‌ನ ಎಲೆಕ್ಟ್ರಾನಿಕ್ ಸಂಗೀತ) ದಾಟುವಾಗ, ಎರಡೂ 140 ಬಿಪಿಎಂನಲ್ಲಿದ್ದು (ನಿಮಿಷಕ್ಕೆ 140 ಬೀಟ್) ಬೀಟ್ ಸರಿಯಾಗಿ ಕೂಡಿಕೊಂಡಿದ್ದರೂ, ಬೇಸ್ ಒಮ್ಮೆ ಪೂರ್ತಿ ಸೊರಗುತ್ತದೆ, ಮತ್ತೊಮ್ಮೆ ಗುಡುಗಿ ಎಂಸಿಯ (ಸಂಗೀತದ ಮೇಲೆ ಮೈಕಿನಲ್ಲಿ ರ‍್ಯಾಪ್ ಮಾಡುವವರ) ಮಾತನ್ನೇ ನುಂಗಿಬಿಡುತ್ತದೆ. ಒಂದೇ ಟ್ರ್ಯಾಕ್ ನುಡಿಸಿದಾಗ ಯಾವ ತೊಂದರೆಯೂ ಇಲ್ಲ. ಸ್ಪೀಕರ್ ಬದಲಿಸಬೇಕೇ?

ಉತ್ತರ:
ಬೇಡ. ಬೆರಕೆಯ ಹೊತ್ತಿನಲ್ಲಿ ಮಾತ್ರ ದೋಷ ಕಾಣಿಸುವುದರಿಂದ ಕಾರಣ ಮಿಕ್ಸರಿನೊಳಗೇ ಇದೆ. ಬೇಸ್ ಸೊರಗಿದ ಕ್ಷಣದಲ್ಲಿ ಒಂದು ಡೆಕ್‌ನ (ಟ್ರ್ಯಾಕ್ ನುಡಿಸುವ ಸಾಧನದ) ಲೋ ಗುಂಡಿಯನ್ನು, ಅಂದರೆ ಬೇಸ್ ಏರಿಳಿಸುವ ಗುಂಡಿಯನ್ನು, ಪೂರ್ತಿ ಇಳಿಸಿ; ಇನ್ನೊಂದರ ಬೇಸ್ ಕೂಡಲೇ ಮರಳಿದರೆ ಎರಡು ಸಬ್-ಬೇಸ್‌ಗಳು (ಅತಿ ತಗ್ಗಿನ ಬೇಸ್ ಸ್ವರಗಳು) ಪರಸ್ಪರ ಅಳಿಸಿಹಾಕುತ್ತಿವೆ ಎಂದರ್ಥ. 50 ಹರ್ಟ್ಸ್ ಅಲೆಯ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಹಿಡಿಯುತ್ತದೆ. ಆದ್ದರಿಂದ ಒಂದೇ ಸ್ವರದ ಎರಡು ಅಲೆಗಳ ನಡುವೆ ಕೇವಲ 10 ಮಿಲಿಸೆಕೆಂಡ್ ಅಂತರ ಬಿದ್ದರೂ ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಕೂರುತ್ತದೆ, ಮತ್ತು ಡ್ರಮ್‌ಗಳನ್ನು ಆಲಿಸಿ ಬೀಟ್ ಹೊಂದಿಸುವ ಕಿವಿಗೆ ಅಷ್ಟು ಸಣ್ಣ ಅಂತರ ಸುಲಭವಾಗಿ ತಪ್ಪಿಹೋಗಬಹುದು. ಏರುಗಳೇ ಜೊತೆಗೂಡಿದಾಗ ತಾವು ಹೇಳಿದ ಗುಡುಗು ಹುಟ್ಟುತ್ತದೆ.

ಹೊಸ ಟ್ರ್ಯಾಕ್‌ನ ಲೋ ಇಳಿಸಿಯೇ ಒಳಗೆ ತಂದು, 8 ಅಥವಾ 16 ಬಾರ್‌ಗಳ (ಒಂದು ಬಾರ್ ಎಂದರೆ ನಾಲ್ಕು ಬೀಟ್) ಖಂಡ ಮುಗಿಯುವ ಕಡೆ ಎರಡೂ ಲೋ ಗುಂಡಿಗಳನ್ನು ಒಮ್ಮೆಲೇ ಅದಲುಬದಲು ಮಾಡಿ. 140 ಬಿಪಿಎಂನಲ್ಲಿ 16 ಬಾರ್ ಎಂದರೆ ಸುಮಾರು 27 ಸೆಕೆಂಡ್. ಸಿದ್ಧತೆಗೆ ಅದು ಧಾರಾಳ. ಗ್ರೈಮ್ ಎಂಸಿಗಳು ಸಾಹಿತ್ಯವನ್ನು ಕಟ್ಟುವುದೂ ಬಹುಮಟ್ಟಿಗೆ ಇದೇ ಅಳತೆಯಲ್ಲಿಯಾದ್ದರಿಂದ ಅವರ ಸಾಲು ನಡುವೆ ತುಂಡಾಗುವುದಿಲ್ಲ. ನನಗಂತೂ ಲಂಡನ್ನಿನಲ್ಲಿ ಬೆಳೆದ ಈ ಎರಡು ಪ್ರಕಾರಗಳನ್ನು ಜೋಡಿಸುವ ನಿಜವಾದ ಸೊಗಸು ಇಲ್ಲಿಯೇ ಕಾಣುತ್ತದೆ.

ಪ್ರಶ್ನಿಸಿದವರು:
ಲೋ ಪೂರ್ತಿ ಇಳಿಸಿದಾಗ ಬಹುಮಟ್ಟಿಗೆ ಸರಿಹೋಯಿತು, ಆದರೆ ತೆಳುವಾದ ಮಬ್ಬು ಉಳಿದಿದೆ. ಇದಲ್ಲದೆ ಸಾಫ್ಟ್‌ವೇರ್ ಕೆಲವು ಡಬ್‌ಸ್ಟೆಪ್ ಟ್ರ್ಯಾಕ್‌ಗಳನ್ನು 70 ಬಿಪಿಎಂ ಎಂದು ತೋರಿಸುತ್ತಿದೆ.

ಉತ್ತರ:
ಕೆಲವು ಮಿಕ್ಸರ್‌ಗಳ ಸಾಮಾನ್ಯ ಈಕ್ಯೂ (ತಗ್ಗು, ನಡು, ಮೇಲು ಸ್ವರಗಳನ್ನು ಹೊಂದಿಸುವ ಗುಂಡಿಗಳ ವ್ಯವಸ್ಥೆ) ಬೇಸನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ತೆಗೆಯುವುದಿಲ್ಲ. ಬೇಸನ್ನು ಪೂರ್ತಿ ತೆಗೆಯುವ ಐಸೋಲೇಟರ್ ಆಯ್ಕೆ ಇದ್ದರೆ ಅದನ್ನು ಬಳಸಿ. ಎಂಸಿಯ ಮೈಕ್‌ಗೆ ಸುಮಾರು 100 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ (ಅದಕ್ಕಿಂತ ತಗ್ಗಿನ ಸದ್ದನ್ನು ತಡೆಯುವುದು) ಹಾಕಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಡಬ್‌ಸ್ಟೆಪ್‌ನಲ್ಲಿ ಸ್ನೇರ್ (ಚಟಾರನೆ ಕೇಳುವ ಡ್ರಮ್ ಪೆಟ್ಟು) ಹೆಚ್ಚಾಗಿ ಬಾರಿನ ಮೂರನೆಯ ಬೀಟಿಗೆ ಮಾತ್ರ ಬೀಳುವುದರಿಂದ ಸಾಫ್ಟ್‌ವೇರ್ ವೇಗವನ್ನು ಅರ್ಧವೆಂದು ಎಣಿಸುತ್ತದೆ; ಬೀಟ್‌ಗ್ರಿಡ್‌ನಲ್ಲಿ (ಸಾಫ್ಟ್‌ವೇರ್ ಬೀಟ್‌ಗಳನ್ನು ಗುರುತಿಸುವ ಗೆರೆಗಳಲ್ಲಿ) ಬಿಪಿಎಂ ಇಮ್ಮಡಿಗೊಳಿಸಿ, ಸೆಟ್‌ಗೆ ಮುಂಚೆಯೇ ಉಳಿಸಿಡಿ.